ಪಾಸ್ಕಾಲನ ಪ್ಲೇಟು

ನಮ್ಮೂರಿನ ಯಾವ ಅಡುಗೆಮನೆಗೆ ಹೋದರೂ ಉಪ್ಪಿನಕಾಯಿ ಭರಣಿಯ ಬಾಯಿಗೆ ಮುಚ್ಚಿದ ಕಪ್ಪು ಪ್ಲೇಟುಗಳು ಕಾಣುತ್ತವೆ. ಕನ್ನಡಿಯಷ್ಟು ನುಣುಪು, ಒಂದು ಗೆರೆಯಿಲ್ಲ. ಅವೆಲ್ಲ ಹಾಡಿ ಮುಗಿಸಿದ ಗ್ರಾಮಫೋನು ಪ್ಲೇಟುಗಳು. ನಮ್ಮಲ್ಲಿ ಪ್ಲೇಟು ಒಂದೇ ಸಲ ಹಾಡುತ್ತದೆ. ಮುಳ್ಳು ಒಳಸುತ್ತಿಗೆ ಬಂದು ನಿಲ್ಲುವಷ್ಟರಲ್ಲಿ ಹಿಂದಿನ ಗೆರೆಗಳು ಅಳಿಸಿಹೋಗಿರುತ್ತವೆ. ಸಿನಿಮಾದ ರೀಲೂ ಅಷ್ಟೆ. ಇದಿನಬ್ಬ ಸಾಹೇಬರ ಟಾಕೀಸಿನಲ್ಲಿ ಒಂದು ಚಿತ್ರಕ್ಕೆ ಒಂದೇ ಆಟ. ಆಮೇಲೆ ಡಬ್ಬಿಯಲ್ಲಿ ಉಳಿಯುವುದು ನೀರಿನಂಥ ಪಟ್ಟಿ. ಅದನ್ನು ಹೆಂಗಸರು ಕತ್ತರಿಸಿ ಬೀಸಣಿಗೆಯ ಅಂಚಿಗೆ ಹೊಲಿಯುತ್ತಾರೆ. ಮಧ್ಯಂತರದಲ್ಲಿ ಚಹಾಕ್ಕೆ ಹೋಗಿ ತಡಮಾಡಿದವರು ಆ ಹತ್ತು ನಿಮಿಷವನ್ನು ಇನ್ನೊಬ್ಬರ ಬಾಯಿಂದಲೇ ಕೇಳಬೇಕು. ಹೇಳುವವರು ಇಬ್ಬರಿದ್ದರೆ ನಾಯಕಿ ಒಬ್ಬರ ಬಾಯಲ್ಲಿ ಬಾವಿಗೆ ಹಾರುತ್ತಾಳೆ, ಇನ್ನೊಬ್ಬರ ಬಾಯಲ್ಲಿ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಾಳೆ. ಈ ಒಂದು ಬಾವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮೂರಲ್ಲಿದ್ದಾರೆ.

ಹೊರಗಿನ ಊರುಗಳಲ್ಲಿ ಹಾಗಲ್ಲವೆಂದು ಹಡಗಿನವರು ಹೇಳುತ್ತಾರೆ. ಇರಬಹುದು. ಆದರೆ ಒಮ್ಮೆ ನಮ್ಮ ಸೇತುವೆ ದಾಟಿ ಒಳಗೆ ಬಂದ ಪ್ಲೇಟು ಮತ್ತೆ ಎಲ್ಲಿಗೆ ಒಯ್ದರೂ ಈ ಊರಿನ ಗುಣ ಬಿಡುವುದಿಲ್ಲ.

ಇಂಥ ಊರಿನಲ್ಲಿ ನಮ್ಮ ಮನೆತನದ ಕೆಲಸ ಕೇಳಿ ಇಟ್ಟುಕೊಳ್ಳುವುದು. ನಮ್ಮನ್ನು ಧಾರಣೆಯವರು ಎನ್ನುತ್ತಾರೆ. ಯಾರಾದರೂ ಪ್ಲೇಟು ಹಾಕಿಸುವಾಗ ನಮ್ಮನ್ನು ಕರೆಸುತ್ತಾರೆ. ಉಪವಾಸವಿದ್ದು, ಬಸದಿಗೆ ಹೋಗಿ ಬಂದು, ಯಂತ್ರಕ್ಕೆ ಬೆನ್ನು ಹಾಕಿ ಕೂತು ಕೇಳುತ್ತೇವೆ. ಅದೇ ದಿನ ಪ್ಲೇಟಿನ ಯಜಮಾನನ ಎದುರು ಮೂರು ಸಲ ಹಾಡಿ ಒಪ್ಪಿಸುತ್ತೇವೆ. ಮೂರನೆಯ ಸಲ ಮುಗಿದ ಮೇಲೆ ಪಾಠ ನಿಂತಿತು ಎನ್ನುತ್ತಾರೆ. ನಿಂತ ಪಾಠವನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ, ನಮಗೂ ಇಲ್ಲ.

ನನ್ನನ್ನು ತಯಾರು ಮಾಡಿದವಳು ಅಜ್ಜಿ. ಅವಳಿಗೆ ಕಣ್ಣಿರಲಿಲ್ಲ. ಮುಸ್ಸಂಜೆಗೆ ದೀಪ ಹಚ್ಚಿದ ಮೇಲೆ ನಾನು ಓಲೆಗರಿ ಹಿಡಿದು ಷಟ್ಪದಿ ಓದಬೇಕು, ಅವಳು ತೊಡೆ ತಟ್ಟುತ್ತ ಕೇಳಬೇಕು. ಹುಳು ತಿಂದು ಅಕ್ಷರ ಹೋದ ಕಡೆ ನಾನು ತಡೆದು ನಿಂತರೆ ತಲೆಗೆ ಮೊಟಕುತ್ತಿದ್ದಳು. "ಹುಳು ತಿಂದದ್ದು ಓಲೆಯನ್ನಲ್ವೊ, ಪದ್ಯವನ್ನಲ್ಲ. ಮಾತ್ರೆ ತುಂಬು, ಮುಂದೆ ಹೋಗು." ಹತ್ತನೆಯ ವಯಸ್ಸಿಗೆ ನಾನು ಓದುತ್ತ ಓದುತ್ತಲೇ ತೂತುಗಳನ್ನು ಮುಚ್ಚುವುದನ್ನು ಕಲಿತೆ. ಎಲ್ಲಿ ಮುಚ್ಚಿದೆ ಎಂದು ನನಗೇ ತಿಳಿಯದಷ್ಟು ಚೆನ್ನಾಗಿ ಕಲಿತೆ.

ಇನಾಸ್ ಮಾಸ್ಟ್ರು ಶಾಲೆಯಲ್ಲಿ ಬ್ಯಾಂಡು ಕಲಿಸುತ್ತಿದ್ದವರು. ಕೆಲಸ ಬಿಟ್ಟ ಮೇಲೆ ಇಗರ್ಜಿಯ ಹಾರ್ಮೋನಿಯಂ ರಿಪೇರಿ ಮಾಡಿಕೊಂಡು ಒಬ್ಬರೇ ಇದ್ದರು. ಅವರ ಮನೆಯ ಒಂದು ಕೋಣೆಯ ತುಂಬ ಜಾಝ್ ಪ್ಲೇಟುಗಳು. ಹಡಗಿನವರ ಕೈಯಿಂದ ಒಂದೊಂದಾಗಿ ಸೇರಿಸಿದ್ದು. ಲಕೋಟೆ ಬಿಚ್ಚದೆ, ಬೇವಿನೆಲೆ ಇಟ್ಟು, ಬಿಸಿಲು ತಾಗದ ಹಾಗೆ ಕಾಪಾಡಿದ್ದರು. "ಅನ್ನ ಮಾಡಿಟ್ಟು ಉಪವಾಸ ಕೂತ ಜನ" ಎಂದು ಊರವರು ನಗುತ್ತಿದ್ದರು. ವರ್ಷಕ್ಕೆ ಒಂದನ್ನು ಮಾತ್ರ, ಈಸ್ಟರಿನ ಮರುದಿನ, ನನ್ನನ್ನು ಕರೆಸಿ ಹಾಕುತ್ತಿದ್ದರು. ಹಾಗೆ ಹನ್ನೊಂದು ಪ್ಲೇಟುಗಳ ಪಾಠ ನನ್ನಲ್ಲಿತ್ತು.

ಮೊದಲ ವರ್ಷ ನನಗೆ ಅದು ಸಂತೆಯ ಗದ್ದಲದಂತೆ ಕೇಳಿತ್ತು. ಮಾತಿಲ್ಲದ್ದನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳುವುದು ಹೇಗೆ? ದಾ ಬಾ ರೀ ಎಂದು ನಾನೇ ಅಕ್ಷರ ಮಾಡಿಕೊಂಡೆ. ಹಣೆಗೆ ಗಂಧ ಹಚ್ಚಿದ ಧಾರಣೆಯವನು ಕೂತು ಪಾಪರ ಪೀ ಎನ್ನುವುದನ್ನು ನೋಡಲು ಕಿಟಕಿಯಲ್ಲಿ ಜನ ಸೇರುತ್ತಿದ್ದರು. ಮೂರನೆಯ ವರ್ಷದಲ್ಲಿ ನನಗೆ ಅದರ ದಾರಿ ಗೊತ್ತಾಯಿತು. ಅಜ್ಜಿ ಒಂದೇ ಪದ್ಯವನ್ನು ನಾಲ್ಕು ರಾಗಗಳಲ್ಲಿ ಅಲೆಸಿ, ಇನ್ನು ಇದು ಮನೆಗೆ ಬರುವುದಿಲ್ಲ ಎಂದು ನಾವು ಹೆದರುವ ಹೊತ್ತಿಗೆ ತಂದು ಹೊಸಿಲ ಮೇಲೆ ಇಡುತ್ತಿದ್ದಳಲ್ಲ, ಇದೂ ಹಾಗೆಯೇ. ಆಮೇಲೆ ಈಸ್ಟರ್ ಯಾವಾಗ ಎಂದು ನಾನೇ ಪಂಚಾಂಗ ನೋಡತೊಡಗಿದೆ.

ಆ ವರ್ಷ ಮಾಸ್ಟ್ರು ಈಸ್ಟರಿಗೆ ಕಾಯಲಿಲ್ಲ. ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತರು. ಎಪ್ಪತ್ತನಾಲ್ಕು ವರ್ಷ, ಎಡಗಿವಿ ಮಂದ. ಚೀಲದಿಂದ ಒಂದು ಪ್ಲೇಟು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ನಾಭಿರಾಜರೇ, ಇದನ್ನು ಹಾಕಿಸುವಾ ಅಂತ."

"ಯಾವುದಿದು ಮಾಸ್ಟ್ರೆ?"

"ಇದಕ್ಕೋಸ್ಕರ ಉಳಿದದ್ದೆಲ್ಲ ಸೇರಿಸಿದ್ದು. ಇದನ್ನು ಕೇಳ್ಲಿಕ್ಕೆ ಕಿವಿ ತಯಾರಾಗಬೇಕಲ್ಲ."

ಕಥೆ ನನಗೆ ಅರ್ಧ ಗೊತ್ತಿತ್ತು, ಉಳಿದರ್ಧ ಅವರು ಹೇಳಿದರು. ಅವರ ಅಣ್ಣ ಪಾಸ್ಕಾಲ ಒಳ್ಳೆಯ ಟ್ರಂಪೆಟ್ಟುಗಾರ. ಹತ್ತೊಂಬತ್ತನೆಯ ವಯಸ್ಸಿಗೆ ತಮ್ಮನ ಮೇಲೆ ಸಿಟ್ಟು ಮಾಡಿಕೊಂಡು ಊರು ಬಿಟ್ಟವನು, ದೂರದ ಬಂದರಿನ ಹೋಟೆಲಿನಲ್ಲಿ ಬ್ಯಾಂಡಿಗೆ ಸೇರಿದ. ಒಂದು ಕಾಗದ ಬರೆಯಲಿಲ್ಲ. ಅವನು ತೀರಿಕೊಂಡ ಸುದ್ದಿ ಬಂದ ಮರುತಿಂಗಳು ಈ ಪ್ಲೇಟು ಅಂಚೆಯಲ್ಲಿ ಬಂತು. ಮೇಲೆ ಇನಾಸರ ಹೆಸರು, ಒಳಗೆ ಒಂದು ಚೀಟಿಯೂ ಇಲ್ಲ. ಹೋಟೆಲಿನವರು ಹಂಚಲಿಕ್ಕೆಂದು ಕೆಲವೇ ಪ್ರತಿ ಮಾಡಿಸಿದ್ದು, ಬೇರೆ ಎಲ್ಲೂ ಸಿಗುವಂಥದ್ದಲ್ಲ. ಅದರ ಮೇಲೆ ಬ್ಯಾಂಡಿನ ಹೆಸರಿತ್ತು, ಊದಿದವರ ಹೆಸರಿರಲಿಲ್ಲ. ಆ ಬ್ಯಾಂಡಿನಲ್ಲಿ ಟ್ರಂಪೆಟ್ಟಿನವರು ಇಬ್ಬರು ಇದ್ದರಂತೆ.

"ಊದಿದ್ದು ಅವನೇ ಆದ್ರೆ, ಸಾಯುವ ಮೊದಲು ಅವನೇ ನನಗೆ ಅಂತ ಇಟ್ಟದ್ದು. ಸಿಟ್ಟು ಬಿಟ್ಟಿದ್ದಾನೆ ಅಂತ ಅರ್ಥ" ಎಂದರು ಮಾಸ್ಟ್ರು. "ಇನ್ನೊಬ್ಬ ಊದಿದ್ದಾದ್ರೆ, ಸತ್ತವನ ಪೆಟ್ಟಿಗೆ ಗುಡಿಸುವಾಗ ಸಿಕ್ಕಿದ್ದನ್ನು ಯಾರೋ ವಿಳಾಸ ನೋಡಿ ಕಳಿಸಿದ್ದು. ಅಷ್ಟೇ."

"ನಿಮಗೆ ಕೇಳಿದ್ರೆ ಗೊತ್ತಾಗ್ತದಾ?"

"ಒಂದು ಗುರುತು ಉಂಟು. ನಿಮಗೆ ಹೇಳುದಿಲ್ಲ. ಹೇಳಿದ್ರೆ ನೀವು ಅದನ್ನೇ ಹುಡುಕ್ತೀರಿ."

"ನೀವೂ ಕೂತು ಕೇಳ್ತೀರಲ್ಲ. ಮತ್ತೆ ನಾನು ಯಾಕೆ?"

ಮಾಸ್ಟ್ರು ನಕ್ಕರು. "ನನ್ನ ಕಿವಿಗೆ ಆಸೆ ಉಂಟು ಮಾರಾಯ್ರೆ. ನಲವತ್ತೊಂದು ವರ್ಷದ ಆಸೆ. ಅದು ಇಲ್ಲದ್ದನ್ನೂ ಕೇಳೀತು. ನಿಮ್ಮ ಕಿವಿಗೆ ಎಂತ ಆಸೆ? ನೀವು ಹೇಳಿದ್ದೇ ಸತ್ಯ."

ಈ ಮಾತಿಗೆ ನಾನು ಉಬ್ಬಿದೆ. ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ.

ಶುಕ್ರವಾರ ಅವರ ಮನೆಗೆ ಹೋದೆ. ಪಕ್ಕದ ಮನೆಯ ಕಾರ್ಮಿನ್ ಬಾಯಿ, ಮಾಸ್ಟ್ರ ಓರಗೆಯವರು, ಅವರಿಗೆ ಎರಡು ಹೊತ್ತು ಅಡುಗೆ ಮಾಡಿಕೊಡುವವರು, ಕೋಳಿಗಳನ್ನು ದೂರ ಓಡಿಸಿ ಕಿಟಕಿ ಮುಚ್ಚಿ ತಮ್ಮ ಮನೆಗೆ ಹೋದರು. ನಾನು ಗೋಡೆಗೆ ಮುಖ ಮಾಡಿ ಕೂತೆ. ಹಿಂದೆ ಮಾಸ್ಟ್ರು ಲಕೋಟೆಯಿಂದ ಪ್ಲೇಟು ಎಳೆಯುವ ಸದ್ದು ಕೇಳಿತು. ಆಮೇಲೆ ಮುಳ್ಳು ಕೂತಿತು.

ಪಿಯಾನೋ ಮೆಟ್ಟಿಲು ಇಳಿದಂತೆ ಇಳಿಯಿತು. ಡ್ರಮ್ಮಿನವನು ಕುಂಚದಿಂದ ತೊಗಲು ಸವರುತ್ತಿದ್ದ. ಆಮೇಲೆ ಟ್ರಂಪೆಟ್ಟು ಬಂತು. ಅದು ಮೂರು ಸಲ ಮೇಲೆ ಹತ್ತಲು ಹೊರಟಿತು. ಈ ಹತ್ತುವಿಕೆಯಲ್ಲಿ ಎಲ್ಲೋ ಒಂದು ಕಡೆ, ತುದಿಯ ಸ್ವರದ ಹೊಸಿಲಲ್ಲಿ, ಏನೋ ಆಯಿತು. ಸ್ವರ ಬರಬೇಕಾದಲ್ಲಿ ಬರೀ ಗಾಳಿ ಬಂತು. ತುಟಿ ಜಾರಿದಂತೆ. ಮರುಕ್ಷಣ ಸ್ವರ ಕೆಳಗಿನಿಂದ ತೆವಳಿ ಮೇಲೆ ಬಂದು ನಿಂತಿತು. ಇಷ್ಟು ಹೇಳಬಲ್ಲೆ. ಇದಕ್ಕಿಂತ ಹೆಚ್ಚು ಹೇಳಲಾರೆ.

ಪ್ಲೇಟು ನಿಂತ ಮೇಲೆ ಮಾಸ್ಟ್ರು ಮುಳ್ಳು ಎತ್ತಿಟ್ಟರು. ನಾನು ತಿರುಗಿ ಕೂತು ಮೊದಲ ಸಲ ಒಪ್ಪಿಸಿದೆ. ಆ ಜಾಗಕ್ಕೆ ಬಂದಾಗ ನನ್ನ ನಾಲಿಗೆ ನಿಲ್ಲಲಿಲ್ಲ. ಮಾತ್ರೆ ತುಂಬಿ ಮುಂದೆ ಹೋಯಿತು. ಮೂರು ಸಲವೂ ಹತ್ತಿ ತುದಿ ಮುಟ್ಟಿ ಗಂಟೆಯಂತೆ ನಿಂತಿತು. ಹಾಗೆ ಮಾಡಬೇಕೆಂದು ನಾನು ಯೋಚಿಸಲಿಲ್ಲ. ಹಾಡುವವರ ಬಿಕ್ಕಳಿಕೆ, ಕೆಮ್ಮು, ತಪ್ಪಿದ ತಾಳ, ಇವನ್ನೆಲ್ಲ ಮೂವತ್ತು ವರ್ಷದಿಂದ ನಾನು ಹೀಗೇ ಮುಚ್ಚುತ್ತ ಬಂದಿದ್ದೆ. ಧಾರಣೆಯವರ ಬಾಯಲ್ಲಿ ಪ್ಲೇಟಿಗಿಂತ ಚೆನ್ನ ಎಂದು ಜನ ಹೊಗಳುತ್ತಿದ್ದರು.

ಮುಗಿದಾಗ ಮಾಸ್ಟ್ರು ಮುಂದಕ್ಕೆ ಬಗ್ಗಿದರು. ಕೆನ್ನೆ ಒದ್ದೆಯಾಗಿತ್ತು. "ಮೇಲೆ ಹೋಗುವಾಗ ಅಲ್ಲಿ ಒಂದು ಕಡೆ... ಅವ ಸ್ವಲ್ಪ ಜಾರಲಿಲ್ವಾ?"

ಆಗ ಯೋಚಿಸಿದೆ. ಸುಳ್ಳಿಗೆ ಯೋಚನೆ ಬೇಕಾಗುತ್ತದೆ. ತೀರಿಕೊಂಡ ಒಬ್ಬ ಕಲಾವಿದ, ಎಂದೋ ಒಮ್ಮೆ ತುಟಿ ಜಾರಿಸಿದ. ಅವನು ಅಣ್ಣನಾಗಿದ್ದರೆ, ತಮ್ಮನ ಎದುರು ಆ ತಪ್ಪನ್ನು ಎತ್ತಿ ತೋರಿಸುವುದು ಯಾವ ಧರ್ಮ? ಪರರ ದೋಷವನ್ನು ಮುಚ್ಚುವುದು ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದು ಎಂದು ಬಸದಿಯಲ್ಲಿ ಚಿಕ್ಕಂದಿನಿಂದ ಕೇಳಿದವನು ನಾನು. ಅದಕ್ಕೆ ಉಪಗೂಹನವೆಂಬ ಹೆಸರಿದೆ. ಅದರ ಜೊತೆಗೆ ಇನ್ನೊಂದಿತ್ತು, ಅದಕ್ಕೆ ಒಳ್ಳೆಯ ಹೆಸರಿಲ್ಲ: ಒಪ್ಪಿಸಿದ ಪಾಠವನ್ನು ನನ್ನ ಎದುರೇ ಯಾರೂ ಈವರೆಗೆ ಪ್ರಶ್ನಿಸಿರಲಿಲ್ಲ.

"ಇಲ್ಲ ಮಾಸ್ಟ್ರೆ. ಎಲ್ಲೂ ಜಾರಲಿಲ್ಲ."

"ಸರಿಯಾಗಿ ಕೇಳಿದ್ದೀರಾ?"

"ನಮ್ಮ ಮನೆಯವರಿಗೆ ಹಾಗೆ ಕೇಳ್ಬಾರದು ಮಾಸ್ಟ್ರೆ."

"ತಪ್ಪಾಯ್ತು, ತಪ್ಪಾಯ್ತು" ಎಂದರು. "ನನ್ನ ಕಿವಿಯೇ ಹಾಗೆ. ನಾನು ಹೇಳಿರಲಿಲ್ವಾ, ಇಲ್ಲದ್ದನ್ನು ಕೇಳ್ತದೆ ಅಂತ."

ಎರಡನೆಯ ಸಲ ಹಾಡಿದೆ. ಮೂರನೆಯ ಸಲ ಹಾಡಿದೆ. ಪಾಠ ನಿಂತಿತು. ಮಾಸ್ಟ್ರು ಎದ್ದು ಪ್ಲೇಟನ್ನು ಅಂಗಿಯ ತುದಿಯಿಂದ ಒರೆಸಿ, ಬಾಗಿಲು ತೆರೆದು, ಅಂಗಳಕ್ಕೆ ಬಂದಿದ್ದ ಕಾರ್ಮಿನ್ ಬಾಯಿಗೆ ಕೊಟ್ಟರು. "ತಕೋ ಕಾರ್ಮಿನ್. ನಿನ್ನ ಮಾವಿನಮಿಡಿ ಭರಣಿಗೆ ಆಯ್ತು."

ಅವರ ಸ್ವರ ಎಷ್ಟು ಹಗುರವಾಗಿತ್ತೆಂದರೆ, ಅಣ್ಣನ ಗುರುತು ಸಿಕ್ಕಿತೆಂದೇ ತಿಳಿದು ನಾನು ತೃಪ್ತಿಯಿಂದ ಮನೆಗೆ ಬಂದು ಊಟ ಮಾಡಿದೆ.

ಮುಂದಿನ ಶನಿವಾರ ಟಾಕೀಸಿನ ಎದುರು ಹಾದುಹೋಗುವಾಗ ಗೋಡೆಯಾಚೆಯಿಂದ ಜಾಝ್ ಕೇಳಿ ನಿಂತೆ. ಸ್ಯಾಕ್ಸೊಫೋನು. ಯಾರೋ ಅತ್ತು ಅತ್ತು ಕೊನೆಗೆ ತಮಾಷೆಗೆ ತಿರುಗಿದಂತೆ. ಒಳಗೆ ಹೋದೆ. ಮಧ್ಯಂತರ. ಜನ ಎದ್ದು ಓಡಾಡುತ್ತಿದ್ದರು, ನೆಲಗಡಲೆ ಸಿಪ್ಪೆ ಕಾಲಡಿಯಲ್ಲಿ ಮುರಿಯುತ್ತಿತ್ತು, ಒಬ್ಬ ಇನ್ನೊಬ್ಬನನ್ನು ಕೂಗಿ ಕರೆಯುತ್ತಿದ್ದ. ಇದಿನಬ್ಬ ಸಾಹೇಬರು ಪರದೆಯ ಬದಿಯಲ್ಲಿ ಯಂತ್ರವಿಟ್ಟುಕೊಂಡು ಪ್ಲೇಟಿನ ಮೇಲೆ ಪ್ಲೇಟು ಹಾಕುತ್ತಿದ್ದರು.

"ಸಾಹೇಬ್ರೆ, ಇದು ಮಾಸ್ಟ್ರದ್ದಲ್ವಾ?"

"ಹೌದು ಧಾರಣೆಯವ್ರೆ. ಎರಡು ಗಾಡಿ ಕಳಿಸಿದ್ದಾರೆ. ಧರ್ಮಕ್ಕೆ. ಜನ ಎದ್ದು ಹೋಗುವ ಹೊತ್ತಿಗೆ ಹಾಕಿ, ಯಾರೂ ಕೂತು ಕೇಳ್ಬಾರದು ಅಂತ ಕಂಡೀಷನ್ನು ಬೇರೆ." ಅವರು ಮುಳ್ಳು ಎತ್ತಿ ನುಣುಪಾದ ಪ್ಲೇಟನ್ನು ಪಕ್ಕದ ರಾಶಿಗೆ ಸೇರಿಸಿದರು. "ನನಗೂ ಹೊಟ್ಟೆ ಉರೀತದೆ. ಬೇಡ ಮಾಸ್ಟ್ರೆ ಅಂದೆ. ನೀವು ಹಾಕದಿದ್ರೆ ಹೊಳೆಗೆ ಹಾಕ್ತೇನೆ ಅಂದ್ರು. ಹೊಳೆಗಿಂತ ಇದು ವಾಸಿ ಅಲ್ವಾ, ಹೇಳಿ? ನಾಲ್ಕು ಕಿವಿಯ ಮೇಲಾದ್ರೂ ಬಿದ್ದು ಹೋಗ್ತದೆ."

ಅಲ್ಲಿಯೇ ನಿಂತು ಹಿಡಿದಿಟ್ಟುಕೊಳ್ಳಲು ನೋಡಿದೆ. ನೂರು ಬಾಯಿಗಳ ಮಾತಿನ ನಡುವೆ ಹೊಟ್ಟೆ ತುಂಬಿದ ನನಗೆ ಒಂದು ಸಾಲೂ ದಕ್ಕಲಿಲ್ಲ.

ಮಾಸ್ಟ್ರ ಮನೆಗೆ ಹೋದರೆ ಬಾಗಿಲು ಹಾಕಿತ್ತು. ಕಾರ್ಮಿನ್ ಬಾಯಿ ತಮ್ಮ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದವರು ನನ್ನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡರು.

"ಇಗರ್ಜಿಗೆ ಹೋಗಿದ್ದಾರೆ. ಎಂತ, ನೀವೂ ಪ್ಲೇಟು ಕೇಳ್ಲಿಕ್ಕೆ ಬಂದ್ರಾ? ಮುಗೀತು ಎಲ್ಲ."

"ಮಾಸ್ಟ್ರಿಗೆ ಏನಾಯ್ತು ಬಾಯಿ? ಅಣ್ಣನ ಪ್ಲೇಟು ಕೇಳಿ ಸಂತೋಷದಲ್ಲಿದ್ರಲ್ಲ?"

"ಸಂತೋಷವಾ!" ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪಾಸ್ಕು ಅಲ್ಲ ಅದು, ಬೇರೆ ಯಾರೋ. ನೀವೇ ಹೇಳಿದ್ದಂತಲ್ಲ."

"ನಾನು ಹಾಗೆ ಹೇಳ್ಲಿಲ್ಲ."

"ಜಾರಲಿಲ್ಲ ಅಂತ ಹೇಳಿದ್ದಿರಾ ಇಲ್ವಾ? ಪಾಸ್ಕು ಜಾರದೆ ಊದುವುದುಂಟಾ? ಅವನ ಮುಂದಿನ ಹಲ್ಲು ಅರ್ಧ ಇರಲಿಲ್ಲ ಮಾರಾಯ್ರೆ. ಮೇಲೆ ಹೋಗುವಾಗ ತುಟಿ ಕೂರ್ತಿರಲಿಲ್ಲ, ಪುಸ್ ಅಂತ ಗಾಳಿ ಹೋಗ್ತಿತ್ತು. ನಾವು ಮಕ್ಕಳೆಲ್ಲ ಇಗರ್ಜಿಯಲ್ಲಿ ನಗ್ತಿದ್ದೆವು."

"ಹಲ್ಲು ಹೇಗೆ ಹೋಯ್ತು?"

"ಇನಾಸೇ ಕಲ್ಲು ಹೊಡೆದದ್ದು. ಹಬ್ಬದ ಪೂಜೆಗೆ ಯಾರು ಊದುವುದು ಅಂತ ಜಗಳ. ಅಷ್ಟು ಚಂದ ಊದುತ್ತಿದ್ದವ, ಆಮೇಲೆ ಎರಡು ವರ್ಷ ಇವನ ಮುಖ ನೋಡ್ಲಿಲ್ಲ. ಮತ್ತೆ ಹೋಗಿಯೇ ಬಿಟ್ಟ." ಅವರು ಒಂದು ಮೀನನ್ನು ಮಗುಚಿ ಹಾಕಿದರು. "ನನ್ನ ಕಲ್ಲು ಪ್ಲೇಟಿನಲ್ಲಿ ಕೇಳ್ತದೆ ಕಾರ್ಮಿನ್, ಕೇಳಿದ್ರೆ ಅವನೇ, ಅಂತ ನಲವತ್ತು ವರ್ಷ ಹೇಳ್ಕೊಂಡು ಬಂದ."

ಮಾಸ್ಟ್ರು ಬರುವವರೆಗೆ ಅವರ ಮೆಟ್ಟಿಲ ಮೇಲೆ ಕೂತೆ. ಬಂದವರು ಒಳಗೆ ಕರೆದರು. ಕೋಣೆಯಲ್ಲಿ ಖಾಲಿ ಕಪಾಟುಗಳು, ನೆಲದ ಮೇಲೆ ಒಣಗಿದ ಬೇವಿನೆಲೆ. ನಿಂತುಕೊಂಡೇ ಹೇಳಿದೆ. ಜಾರಿತ್ತು, ನಾನು ಮುಚ್ಚಿದೆ, ನೀವು ಕೇಳಿದಾಗ ಸುಳ್ಳು ಹೇಳಿದೆ. ಕಾಲು ಮುಟ್ಟಲು ಬಗ್ಗಿದಾಗ ಅವರು ಕಾಲು ಹಿಂದೆ ತೆಗೆದುಕೊಂಡರು.

"ಕಾರ್ಮಿನ್ ಹಲ್ಲಿನ ಕಥೆ ಹೇಳಿದ್ಳಾ?"

"ಹೇಳಿದ್ರು."

"ಅದಕ್ಕೆ ಮೊದಲು ಯಾಕೆ ಬರಲಿಲ್ಲ?"

ನಾನು ಕಾಲಡಿಯ ಬೇವಿನೆಲೆಯನ್ನು ಬದಿಗೆ ಸರಿಸಿದೆ.

"ಸರಿ. ಹಾಡಿ" ಎಂದು ಕುರ್ಚಿಯಲ್ಲಿ ಕೂತು ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು. "ಇದ್ದ ಹಾಗೆ ಹಾಡಿ."

ಹಾಡಿದೆ. ಮೊದಲನೆಯ ಹತ್ತುವಿಕೆ ಬಂತು. ಇಲ್ಲಿಯೋ? ದಾಟಿಬಿಟ್ಟೆ. ಎರಡನೆಯದರಲ್ಲಿ ನಿಲ್ಲಿಸಿ ಹಲ್ಲಿನ ಸಂದಿಯಲ್ಲಿ ಗಾಳಿ ಬಿಟ್ಟೆ. ಅದು ಹಾವಿನಂತೆ ಕೇಳಿತು. ಮತ್ತೆ ಮೊದಲಿನಿಂದ ಶುರು ಮಾಡಿ ಮೂರನೆಯದರಲ್ಲಿ ಇಟ್ಟು ನೋಡಿದೆ. ಗಾಳಿ ಎಷ್ಟು ಹೊತ್ತು ಹೋಯಿತು? ಸ್ವರ ಯಾವ ಮೆಟ್ಟಿಲಿನಿಂದ ತೆವಳಿ ಬಂತು? ಒಳಗೆ ಹುಡುಕಿದರೆ ಅಲ್ಲಿ ಮೂರು ತುದಿಗಳೂ ಹೊಳೆಯುತ್ತಿದ್ದವು, ಯಾವುದರ ಮೇಲೂ ಗೀರಿಲ್ಲ. ಮೂರು ಸಲ ಒಪ್ಪಿಸಿದ ಪಾಠ ಕೇಳಿದ್ದನ್ನು ತಿಂದು ಹಾಕಿತ್ತು. ಅದಕ್ಕಾಗಿಯೇ ಅಲ್ಲವೇ ಮೂರು ಸಲ ಒಪ್ಪಿಸುವುದು.

"ಹೀಗಾ?" ಎಂದರು ಮಾಸ್ಟ್ರು.

"ಹೀಗೇ ಇರಬೇಕು."

"ಇರಬೇಕು ಅಂತ ನಾನೂ ನಲವತ್ತೊಂದು ವರ್ಷ ಹೇಳ್ಕೊಂಡೆ ನಾಭಿರಾಜರೇ. ಅದನ್ನು ಹೇಳ್ಲಿಕ್ಕೆ ನೀವು ಬೇಕಾ?"

"ಮಾಸ್ಟ್ರೆ, ನೀವೇ ಕೇಳಿದ್ದೀರಿ. ನಿಮ್ಮ ಕಿವಿಗೆ ಅಂದು ಬಿದ್ದದ್ದು ನಿಜ. ಅದನ್ನು ನಂಬಿ."

"ಹೌದು, ಬಿತ್ತು." ಅವರು ಖಾಲಿ ಕಪಾಟಿನ ಕಡೆ ನೋಡಿದರು. "ನೀವು ಇಲ್ಲ ಅಂದ ಮೇಲೆ ಅದನ್ನು ನಾನು ಒಳಗಿನಿಂದ ಕಿತ್ತು ಬಿಸಾಡಿದೆ. ಎಷ್ಟು ಕಷ್ಟಪಟ್ಟು ಕಿತ್ತೆ ಅಂತ ನಿಮಗೆ ಗೊತ್ತಿಲ್ಲ. ಈಗ ಮತ್ತೆ ನೆಡು ಅಂದ್ರೆ ಎಲ್ಲಿಂದ ತರ್ಲಿ? ಅವತ್ತು ಸುಳ್ಳು ಹೇಳಿದ್ರೋ, ಹಲ್ಲಿನ ಕಥೆ ಕೇಳಿ ಪಾಪ ಅಂತ ಈಗ ಹೇಳ್ತಿದ್ದೀರೋ, ಅದನ್ನು ನೋಡ್ಲಿಕ್ಕೆ ಯಾವ ಪ್ಲೇಟು ಉಂಟು?"

ಹೊರಡುವಾಗ ಅವರು ಬಾಗಿಲವರೆಗೆ ಬಂದರು. ನನ್ನ ಮೇಲೆ ಒಂದು ಬೈಗುಳ ಬಿದ್ದಿದ್ದರೆ ಅಷ್ಟಾದರೂ ಸಮಾಧಾನವಿರುತ್ತಿತ್ತು. "ಮಳೆ ಬರುವ ಹಾಗುಂಟು, ಬೇಗ ಹೋಗಿ" ಎಂದರು.

ಆ ಹಾಡು ಊರಿಗೆ ಹಿಡಿಸಿತು. ನನ್ನ ಬಾಯಿಂದ ಕೇಳಿದವರು ಕಲಿತು, ಅವರಿಂದ ಮಕ್ಕಳು ಕಲಿತು, ಪೀಪಿ ಪದ ಎಂದು ಹೆಸರಿಟ್ಟರು. ಮೂರು ಸಲ ಏಣಿ ಹತ್ತಿ ಮೂರು ಸಲವೂ ತುದಿ ಮುಟ್ಟುವ ಹಾಡು. ಶುಭ ಎಂದು ಮದುವೆಗಳಲ್ಲಿ ಹೇಳಿಸತೊಡಗಿದರು. ಕೊಡದಲ್ಲಿ ನೀರು ತುಂಬುವ ಹೆಂಗಸರು ಕೂಡ ಆ ತುದಿಯ ಸ್ವರವನ್ನು ಗಂಟೆಯಂತೆ ನಿಲ್ಲಿಸುತ್ತಾರೆ. ಒಬ್ಬರೂ ಜಾರುವುದಿಲ್ಲ.

ಕಳೆದ ಮಾಘದಲ್ಲಿ ಅಂಚೆಯ ಸೇಸಪ್ಪನ ಮಗಳ ಮದುವೆ. ಊಟದ ಪಂಕ್ತಿ ಮುಗಿಯುವ ಹೊತ್ತಿಗೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಎದುರಿನ ಸಾಲಿನ ಕೊನೆಯಲ್ಲಿ ಇನಾಸ್ ಮಾಸ್ಟ್ರು ಕೂತಿದ್ದರು. ಎಲೆಯ ಮುಂದೆ ಬಾಳೆಹಣ್ಣು ಸುಲಿಯುತ್ತಿದ್ದರು. ಅವರನ್ನು ಕಂಡ ಮೇಲೆ ನನಗೆ ಒಂದು ಹುಚ್ಚು ಬಂತು. ಊರೆಲ್ಲರ ಎದುರು ಹಾಡಿಬಿಟ್ಟರೆ ಪಾಠವೇ ಬದಲಾಗಬಹುದು, ಮುಂದಿನ ಮಕ್ಕಳಾದರೂ ಜಾರಿ ಹಾಡಬಹುದು. ಎರಡನೆಯ ಹತ್ತುವಿಕೆಯ ತುದಿಯಲ್ಲಿ ಸ್ವರವನ್ನು ಬಿಟ್ಟೆ. ಒಂದು ಮಾತ್ರೆ ಬರೀ ಉಸಿರು ಹೋಗಲು ಬಿಟ್ಟೆ.

ಚಪ್ಪರದಲ್ಲಿ ತೊಡೆ ತಟ್ಟುತ್ತಿದ್ದ ಕೈಗಳೆಲ್ಲ ಒಟ್ಟಿಗೆ ನಿಂತವು. ಯಾರೋ ಕಿಸಕ್ಕನೆ ನಕ್ಕರು. "ಮಾತ್ರೆ ಬಿತ್ತು ಧಾರಣೆಯವ್ರೆ!" ಎಂದು ಇದಿನಬ್ಬ ಸಾಹೇಬರು ಕೂಗಿದರು. "ವಯಸ್ಸಾಯ್ತು ಅವರಿಗೂ" ಎಂದಿತು ಒಂದು ಹೆಣ್ಣುದನಿ. ಮದುಮಗಳ ತಾಯಿಯ ಮುಖ ಅಪಶಕುನ ಕಂಡವರಂತೆ ಬಾಡಿತು.

ನಾನು ಮಾಸ್ಟ್ರ ಕಡೆ ನೋಡಿದೆ. ಅವರು ಸುಲಿದ ಹಣ್ಣನ್ನು ಎಲೆಯ ಮೇಲೆ ಇಟ್ಟರು. ಕೈ ಒರೆಸಿಕೊಂಡರು.

"ಪಾಠ ಹಾಗಿಲ್ಲ ನಾಭಿರಾಜರೇ" ಎಂದರು, ಎಲ್ಲರಿಗೂ ಕೇಳುವಂತೆ. "ಮೊದಲಿಂದ ಹೇಳಿ."

ಮೊದಲಿನಿಂದ ಹೇಳಿದೆ. ಮೂರು ಸಲವೂ ತುದಿ ಮುಟ್ಟಿತು. ಮಾಸ್ಟ್ರು ತೊಡೆ ತಟ್ಟುತ್ತ ಕೊನೆಯವರೆಗೂ ಕೂತು ಕೇಳಿದರು, ಒಂದು ಮಾತ್ರೆಯೂ ತಪ್ಪದ ಹಾಗೆ.